ನೀಲಿ ಲೈಟಿಗೆ ಹೊಳೆಯಲಿಲ್ಲ ಅಂದ ಮಾತ್ರಕ್ಕೆ ಫಂಗಸ್ ಅಲ್ಲ ಅಂತಲ್ಲ

ಅಣ್ಣ, ನಿಮ್ಮ ನಾಯಿಯ ಫೋಟೊ ನೋಡಿದೆ. ಮೂಗಿನ ಮೇಲೆ ಕೆಂಪಗೆ ಉಬ್ಬಿದ ಗಡ್ಡೆ, ಸುತ್ತ ಕೂದಲು ಉದುರಿದೆ, ಅಲ್ಲಲ್ಲಿ ಕೀವು. ಮೂರು ವಾರ ಆಂಟಿಬಯಾಟಿಕ್ ಹಾಕಿದರೂ ಇಳಿದಿಲ್ಲ, ಡಾಕ್ಟರು ನೀಲಿ ಲೈಟು (ವುಡ್ಸ್ ಲ್ಯಾಂಪ್) ಹಿಡಿದು ನೋಡಿ ಫಂಗಸ್ ಇಲ್ಲ ಅಂದರು ಅಂತ ಬರೆದಿದ್ದೀರಿ. ಕೊನೆಗೆ ತಮಾಷೆಗೆ ಅನ್ನೋ ಹಾಗೆ, ತೋಟದಲ್ಲಿ ಹೆಗ್ಗಣದ ಬಿಲ ಕಂಡರೆ ಮೂತಿ ತೂರಿಸಿ ಕೆದರ್ತಾನೆ ಅಂತ ಸೇರಿಸಿದ್ದೀರಲ್ಲ, ಅದನ್ನು ಡಾಕ್ಟರಿಗೆ ಹೇಳಿದ್ರಾ?

ಆ ಲೈಟಿಗೆ ಹಸಿರಾಗಿ ಹೊಳೆಯೋದು ಮುಖ್ಯವಾಗಿ ಮೈಕ್ರೋಸ್ಪೋರಮ್ ಕೇನಿಸ್ ಅನ್ನೋ ಒಂದೇ ಜಾತಿಯ ಫಂಗಸ್, ಹೆಚ್ಚಾಗಿ ಬೆಕ್ಕಿನಿಂದ ಬರೋದು. ಅದೂ ಎಲ್ಲಾ ಸಲ ಹೊಳೆಯಲ್ಲ. ಮಣ್ಣಿನಲ್ಲೇ ಇರುವ ಮೈಕ್ರೋಸ್ಪೋರಮ್ ಜಿಪ್ಸಿಯಮ್, ಇಲಿ ಹೆಗ್ಗಣದಿಂದ ಅಂಟುವ ಟ್ರೈಕೊಫೈಟಾನ್ ಹೊಳೆಯೋದೇ ಇಲ್ಲ. ಬಿಲ ಕೆದರುವ ನಾಯಿಯ ಮೂತಿ, ಮುಂಗಾಲಿಗೆ ಹತ್ತೋದು ಇವೇ. ಹುಳುಕಡ್ಡಿ ಥರ ದುಂಡಗಿರದೆ ಹೀಗೆ ಗಡ್ಡೆ ಕಟ್ಟಿದರೆ ಕೇರಿಯಾನ್ ಅಂತಾರೆ.

ನಮ್ಮ ನಾಯಿ ಕಾಳನಿಗೂ ಇದೇ ಆಗಿತ್ತು. ನಾನು ಬುದ್ಧಿವಂತ, ಮನೆಯಲ್ಲಿದ್ದ ಹುಳುಕಡ್ಡಿ ಮುಲಾಮು ಹಚ್ಚಿದೆ. ಅದರಲ್ಲಿ ಸ್ಟೀರಾಯ್ಡ್ ಬೆರೆಸಿತ್ತು. ನಾಲ್ಕು ದಿನ ಕೆಂಪು ಇಳಿಯಿತು, ಆಮೇಲೆ ಗಡ್ಡೆ ಎರಡರಷ್ಟಾಯಿತು. ನೀವು ಹಚ್ಚುತ್ತಿದ್ದರೆ ಇವತ್ತೇ ನಿಲ್ಲಿಸಿ, ಹಚ್ಚಿದ್ದನ್ನು ಡಾಕ್ಟರಿಗೂ ಹೇಳಿ.

ಮೊದಲು ಡಾಕ್ಟರ ಹತ್ತಿರ ಚರ್ಮವನ್ನು ರಕ್ತ ಜಿನುಗುವಷ್ಟು ಆಳಕ್ಕೆ ಕೆರೆಸಿ, ಚರ್ಮದೊಳಗೆ ಸೇರಿಕೊಳ್ಳೋ ಡೆಮೊಡೆಕ್ಸ್ ಅನ್ನೋ ಸಣ್ಣ ಹುಳ ಇದೆಯಾ ನೋಡಿಸಿ. ನೋಡೋಕೆ ಎರಡೂ ಒಂದೇ ಥರ ಇರ್ತವೆ. ಇಲ್ಲ ಅಂದರೆ ಗಾಯದ ಅಂಚಿನ ಕೂದಲು ಬುಡಸಮೇತ ಕಿತ್ತು ಕಲ್ಚರ್‌ಗೆ, ಅಂದರೆ ಫಂಗಸ್ ಬೆಳೆಸಿ ನೋಡೋಕೆ, ಇಡಬೇಕು. ಕೀಳುವ ಮುಂಚೆ ಜಾಗವನ್ನು ಸ್ಪಿರಿಟ್ಟಲ್ಲಿ ಹಗುರಾಗಿ ಒರೆಸಿ ಒಣಗಲು ಬಿಡಬೇಕು, ಇಲ್ಲದಿದ್ದರೆ ಧೂಳಿನ ಬೂಷ್ಟೆಲ್ಲ ಬೆಳೆದು ಕೂರುತ್ತೆ.

ಡಿಟಿಎಮ್ ಅನ್ನೋ, ಫಂಗಸ್ ಬೆಳೆಸೋ ಹಳದಿ ಮಾಧ್ಯಮದಲ್ಲಿಟ್ಟರೆ 14 ದಿನ ದಿನಾ ನೋಡಲೇಬೇಕು. ಬೆಳ್ಳಗೋ ತಿಳಿ ಕಂದಾಗೋ ಬೂಷ್ಟು ಏಳುವಾಗಲೇ ಸುತ್ತ ಕೆಂಪು ತಿರುಗಿದರೆ ಅನುಮಾನಕ್ಕೆ ಬಲ ಬಂತು. ಬೂಷ್ಟು ಪೂರಾ ಬೆಳೆದು ದಿನ ಕಳೆದ ಮೇಲೆ ಕೆಂಪಾಯಿತು, ಇಲ್ಲಾ ಬೂಷ್ಟೇ ಕಪ್ಪು ಹಸಿರು ಅಂದರೆ ಲೆಕ್ಕಕ್ಕಿಲ್ಲ. ಕಾಳಂದು ಆರನೇ ದಿನ ದಾಲ್ಚಿನ್ನಿ ಪುಡಿ ಉದುರಿಸಿದ ಹಾಗೆ ಎದ್ದಿತ್ತು. ಡಾಕ್ಟರು ಅದರ ಮೇಲೆ ಸೆಲೋಟೇಪ್ ಒತ್ತಿ ಮೈಕ್ರೋಸ್ಕೋಪಲ್ಲಿಟ್ಟು ತೋರಿಸಿದರು, ದೋಣಿಯಾಕಾರದ ಬೀಜಕಗಳು, ಒಳಗೆ ಅಡ್ಡಗೋಡೆ. ಬಣ್ಣ ನಂಬಬೇಡಿ, ಇದನ್ನು ನೋಡಿಸಿ.

ಗಡ್ಡೆ ಇದ್ದಾಗ ಕೂದಲಲ್ಲಿ ಏನೂ ಸಿಗದಿರಬಹುದು. ಆಗ ಬಯಾಪ್ಸಿಯೇ ಗತಿ, ಅಂದರೆ ಗಡ್ಡೆಯ ತುಂಡು ಕತ್ತರಿಸಿ ಪರೀಕ್ಷಿಸೋದು. ತುಂಡು ಎರಡಾಗಬೇಕು: ಒಂದು ಫಾರ್ಮಲಿನ್‌ಗೆ, ಇನ್ನೊಂದು ಸ್ಟೆರೈಲ್ ಸಲೈನ್‌ಗೆ. ಫಾರ್ಮಲಿನ್‌ಗೆ ಬಿದ್ದ ತುಂಡಿನಲ್ಲಿ ಕಲ್ಚರ್ ಬೆಳೆಯಲ್ಲ. ಪಿಎಎಸ್ ಸ್ಟೇನ್ (ಫಂಗಸ್ ಎದ್ದು ಕಾಣಿಸೋ ಬಣ್ಣ) ಮಾಡಿ ಅಂತ ಚೀಟಿಯಲ್ಲೇ ಬರೆಸಿ. ನಿಮ್ಮೂರಲ್ಲಿ ಆಗದಿದ್ದರೆ ಶಿವಮೊಗ್ಗದ ಪಶುವೈದ್ಯ ಕಾಲೇಜಿನಲ್ಲಿ ವಿಚಾರಿಸಿ.

ಫಂಗಸ್ ಮಾತ್ರೆ ಈಗಲೇ ಶುರು ಮಾಡಬೇಡಿ, ಮೊದಲು ಸ್ಯಾಂಪಲ್ ಹೋಗಲಿ. ಅಲ್ಲಿವರೆಗೆ ಗಡ್ಡೆ ಹಿಚುಕಬೇಡಿ, ಮುಟ್ಟೋದಾದರೆ ಗ್ಲೌಸ್ ಹಾಕಿ. ಮಕ್ಕಳ ಕೈ, ಕುತ್ತಿಗೆ ಒಮ್ಮೆ ನೋಡಿ. ದುಂಡಗೆ ತುರಿಕೆ ಕಂಡರೆ ಅವರನ್ನೂ ಚರ್ಮದ ಡಾಕ್ಟರಿಗೆ ತೋರಿಸಿ, ಮನೆಯಲ್ಲಿ ನಾಯಿಗೆ ಹೀಗಾಗಿದೆ ಅಂತ ಹೇಳಿ.