3ಜಿ ಕೆಲಸ ಮಾಡುವುದು ಹೇಗೆ? ಬೆಳಿಗ್ಗೆ ಇದ್ದ ಸಿಗ್ನಲ್ ಸಂಜೆ ಯಾಕಿರಲ್ಲ?

ಜಿಎಸ್‌ಎಂ ಎಂಬ 2ಜಿ (ಎರಡನೇ ತಲೆಮಾರಿನ ಮೊಬೈಲ್) ಪದ್ಧತಿಯಲ್ಲಿ 200 ಕಿಲೋಹರ್ಟ್ಸ್ ಅಗಲದ ರೇಡಿಯೋ ಚಾನೆಲ್ಲನ್ನು ಎಂಟು ಸರದಿಗಳಾಗಿ ಹಂಚುತ್ತಾರೆ. ಡಬ್ಲ್ಯೂಸಿಡಿಎಂಎ ಎಂಬ 3ಜಿ ಪದ್ಧತಿಯಲ್ಲಿ ಸರದಿಯಿಲ್ಲ. 5 ಮೆಗಾಹರ್ಟ್ಸ್ ಅಗಲದಲ್ಲಿ ಎಲ್ಲರೂ ಒಟ್ಟಿಗೇ ಮಾತಾಡುತ್ತಾರೆ, ಒಬ್ಬೊಬ್ಬರಿಗೂ ಬೇರೆ ಕೋಡ್. ಸಂತೆಯ ಗದ್ದಲದಲ್ಲೂ ಪರಿಚಿತ ದನಿ ಕಿವಿಗೆ ಬೀಳುವ ಹಾಗೆ ಟವರ್ ಕೋಡ್ ಹಿಡಿದು ಒಬ್ಬೊಬ್ಬರ ದನಿಯನ್ನೂ ಹೆಕ್ಕಿಕೊಳ್ಳುತ್ತದೆ. ಯಾರೊಬ್ಬರೂ ಕಿರುಚಬಾರದಲ್ಲ, ಅದಕ್ಕೇ ಟವರ್ ಪ್ರತಿ ಫೋನಿಗೂ ಸೆಕೆಂಡಿಗೆ 1500 ಸಲ ‘ದನಿ (ಅಂದರೆ ಸಿಗ್ನಲ್ ಬಲ) ಏರಿಸು, ತಗ್ಗಿಸು’ ಅನ್ನುತ್ತಲೇ ಇರುತ್ತದೆ.

ತೊಡಕಿರುವುದೂ ಇಲ್ಲೇ. ಬಳಕೆದಾರರು ಹೆಚ್ಚಿದಷ್ಟೂ ಗದ್ದಲ ಏರಿ ಟವರಿನ ವ್ಯಾಪ್ತಿಯೇ ಕುಗ್ಗುತ್ತದೆ. ಹಾಗಾಗಿ ಅಂಚಿನ ಮನೆಗಳಲ್ಲಿ ಸಂಜೆ ಸಿಗ್ನಲ್ ಮಾಯ. ಆಗ ಸೆಟ್ಟಿಂಗ್ಸ್‌ನಲ್ಲಿ 2ಜಿ ಆರಿಸಿದರೆ, ಅಲ್ಲಿ 2ಜಿ ಇದ್ದಲ್ಲಿ, ಕರೆಯಾದರೂ ಕಡಿದುಹೋಗುವ ಸಾಧ್ಯತೆ ಕಡಿಮೆ.

ವೇಗ? ಮೊದಲ 3ಜಿಯಲ್ಲಿ 384 ಕೆಬಿಪಿಎಸ್. ಪರದೆಯಲ್ಲಿ ‘ಎಚ್’ ಅಕ್ಷರ ಕಂಡರೆ ಎಚ್‌ಎಸ್‌ಪಿಎ, ಅಂದರೆ 3ಜಿಯ ವೇಗದ ರೂಪ: ಕಾಗದದ ಮೇಲೆ 14.4 ಎಂಬಿಪಿಎಸ್, ಅದೂ ಎಲ್ಲರೂ ಹಂಚಿಕೊಂಡು.