ತುಕ್ಕು, ಅದಿರು, ಅಮೂರ್ತ: ಓದುಗರ ಪ್ರಶ್ನೆಗಳಿಗೆ ಉತ್ತರ

ಕಾರ್ಖಾನೆಯ ವಿಷಯದ ಅಮೂರ್ತ ಚಿತ್ರಕ್ಕೆಂದು ಕ್ಯಾನ್ವಾಸಿನ ಮೇಲೆ ಲೇತ್ ಪುಡಿ (ಲೇತ್ ಯಂತ್ರದಿಂದ ಉದುರುವ ಕಬ್ಬಿಣದ ಪುಡಿ) ಹರಡಿ, ವಿನೆಗರ್ ಮತ್ತು ಉಪ್ಪುನೀರು ಸಿಂಪಡಿಸಿ ತುಕ್ಕು ಬರಿಸಿದ್ದೆ. ಹಿನ್ನೆಲೆಗೆ ಅಲ್ಟ್ರಾಮರೀನ್ ನೀಲಿ. ಮಳೆಗಾಲ ಮುಗಿಯುವಷ್ಟರಲ್ಲಿ ನೀಲಿ ಬೂದುಬಣ್ಣಕ್ಕೆ ತಿರುಗಿದೆ, ತುಕ್ಕಿನ ಜಾಗದಲ್ಲಿ ಬಟ್ಟೆ ಒತ್ತಿದರೆ ಹರಿಯುತ್ತಿದೆ. ಪ್ರದರ್ಶನ ಹತ್ತಿರ ಬಂತು. ಏನು ಮಾಡಲಿ?
– ಕಲಾವಿದೆ, ಭದ್ರಾವತಿ

ಎರಡು ತೊಂದರೆಗೂ ಮೂಲ ವಿನೆಗರಿನ ಆಮ್ಲ. ಅಲ್ಟ್ರಾಮರೀನ್ ಬಿಸಿಲನ್ನು ತಡೆಯುತ್ತದೆ, ಆಮ್ಲವನ್ನು ತಡೆಯುವುದಿಲ್ಲ. ಆಮ್ಲ ತಾಗಿದಲ್ಲಿ ಬಣ್ಣದ ಕಣವೇ ಒಡೆದು ಬಿಳಿಚಿಕೊಳ್ಳುತ್ತದೆ. ಹತ್ತಿಯ ನೂಲನ್ನೂ ಅದೇ ಆಮ್ಲ ತಿನ್ನುತ್ತದೆ, ಕಬ್ಬಿಣದ ಅಂಶ ಆ ಕೆಲಸಕ್ಕೆ ವೇಗ ಕೊಡುತ್ತದೆ. ಉಪ್ಪು ಉಳಿದಿದ್ದರೆ ಗಾಳಿಯ ತೇವ ಹೀರಿಕೊಂಡು ತುಕ್ಕು ಹಿಡಿಸುತ್ತಲೇ ಇರುತ್ತದೆ.

ಈಗಿರುವ ಚಿತ್ರಕ್ಕೆ ನೀರು, ಅಡುಗೆ ಸೋಡ ಯಾವುದನ್ನೂ ಹಾಕಬೇಡಿ. ಮಲಗಿಸಿ, ಮೆತ್ತನೆಯ ಒಣ ಬ್ರಷ್‌ನಿಂದ ಸಡಿಲ ಪುಡಿ ತೆಗೆಯಿರಿ, ಒಣ ಕೋಣೆಯಲ್ಲಿಡಿ, ಕಲಾಕೃತಿ ಸಂರಕ್ಷಕರಿಗೆ ತೋರಿಸಿ. ಹರಿಯುವ ಬಟ್ಟೆಯನ್ನು ಚೌಕಟ್ಟಿಗೆ ಎಳೆದು ಬಿಗಿಯುವುದಂತೂ ಬೇಡವೇ ಬೇಡ. ಈ ಪ್ರದರ್ಶನಕ್ಕೆ ಅದನ್ನು ಬಿಟ್ಟುಬಿಡುವುದೇ ಒಳ್ಳೆಯದು.

ಮುಂದಿನದಕ್ಕೆ ಬಟ್ಟೆ ಬಿಟ್ಟು ಪ್ಲೈವುಡ್ ಹಿಡಿಯಿರಿ. ಎರಡೂ ಬದಿಗೆ, ಅಂಚಿಗೂ ಸೇರಿಸಿ, ಎರಡು ಕೋಟ್ ಅಕ್ರಿಲಿಕ್ ಪ್ರೈಮರ್. ಕಬ್ಬಿಣದ ಪುಡಿಗೆ ಎಣ್ಣೆ ಅಂಟಿದ್ದರೆ ತುಕ್ಕು ಹತ್ತುವುದಿಲ್ಲ, ಸೋಪುನೀರಿನಲ್ಲಿ ತೊಳೆದು ಕೂಡಲೇ ಒಣಗಿಸಿ. ಪುಡಿಯನ್ನು ಅಂಟಿನಂತೆ ಹಿಡಿದಿಡುವ ಮ್ಯಾಟ್ ಅಕ್ರಿಲಿಕ್ ಮೀಡಿಯಮ್‌ನಲ್ಲಿ ಗಟ್ಟಿಯಾಗಿ ಕಲಸಿ ಹಚ್ಚಿ. ಮೀಡಿಯಮ್ ಹೆಚ್ಚಾದರೆ ಪ್ರತಿ ಕಣಕ್ಕೂ ಪ್ಲಾಸ್ಟಿಕ್ ಹೊದಿಕೆ ಬಂದು ತುಕ್ಕು ಬರುವುದಿಲ್ಲ. ಒಣಗಿದ ಮೇಲೆ ಔಷಧಿ ಅಂಗಡಿಯ ಶೇ. 3ರ ಹೈಡ್ರೋಜನ್ ಪೆರಾಕ್ಸೈಡ್ ಮತ್ತು ಬರೀ ನೀರನ್ನು ಸರದಿಯಲ್ಲಿ ಸಿಂಪಡಿಸಿ. ಉಪ್ಪಿಲ್ಲದೆ ನಿಧಾನವಾಗುತ್ತದೆ, ಆಗಲಿ. ಬೇಕಾದ ಬಣ್ಣ ಬಂದಾಗ ಪೂರ್ತಿ ಒಣಗಿಸಿ ಸಾಲ್ವೆಂಟ್ ಆಧಾರಿತ ವಾರ್ನಿಷ್ ಹೊಡೆಯಿರಿ, ಗಾಳಿಯಾಡುವ ಕಡೆ ಮಾತ್ರ. ನೀರಿನ ವಾರ್ನಿಷ್ ಹಾಕಿದರೆ ಅದರ ತೇವಕ್ಕೇ ಹೊಸ ತುಕ್ಕು ಏಳುತ್ತದೆ. ನೀಲಿ ಬೇಕಿದ್ದರೆ ಥ್ಯಾಲೊ ನೀಲಿ ಬಳಸಿ. ಆಮ್ಲ, ಕ್ಷಾರ ಎರಡಕ್ಕೂ ಅದು ಬಗ್ಗುವುದಿಲ್ಲ.

ನಮ್ಮೂರಿನ ಅದಿರಿನ ಕೆಂಪು ಧೂಳನ್ನೇ ಬಣ್ಣವಾಗಿ ಬಳಸಬಹುದೇ? ಅಂಟು ಬೆರೆಸಿ ಹಚ್ಚಿದರೆ ಒಣಗಿದ ಮೇಲೆ ಕೈಗೆ ಬರುತ್ತದೆ.
– ಚಿತ್ರಕಲಾ ವಿದ್ಯಾರ್ಥಿ, ಸಂಡೂರು

ಧಾರಾಳವಾಗಿ. ಅದು ಹೆಮಟೈಟ್, ಪೂರ್ತಿ ಆಕ್ಸೈಡ್ ಆಗಿ ನೆಲೆನಿಂತ ಕಬ್ಬಿಣ. ಲೇತ್ ಪುಡಿಯಂತೆ ಮುಂದೆ ತುಕ್ಕು ಹಿಡಿಯುವುದಿಲ್ಲ, ಬಿಸಿಲಿಗೆ ಮಾಸುವುದಿಲ್ಲ. ಕೊಪ್ಪಳ ಜಿಲ್ಲೆಯ ಹಿರೇಬೆಣಕಲ್ಲಿನ ಬಂಡೆಚಿತ್ರಗಳಲ್ಲಿ ಇಂದಿಗೂ ನಿಂತಿರುವುದು ಇದೇ ಜಾತಿಯ ಕೆಮ್ಮಣ್ಣಿನ ಕೆಂಪು. ಮನೆಯ ನೆಲಕ್ಕೆ ಹಾಕುತ್ತಿದ್ದ ರೆಡ್ ಆಕ್ಸೈಡ್ ಕೂಡ ಅದೇ ಕುಲ.

ಕೈಗೆ ಬರುವುದಕ್ಕೆ ಕಾರಣ ಧೂಳಿನಲ್ಲಿರುವ ಮರಳು, ಜೊತೆಗೆ ಅಂಟಿನ ಕೊರತೆ. ಲಾರಿ ಓಡಾಡುವ ರಸ್ತೆಯ ಧೂಳಿನಲ್ಲಿ ಡೀಸೆಲ್ ಇರುತ್ತದೆ, ಅದು ಬೇಡ. ಗಣಿಯೊಳಗಿಂದ ಅನುಮತಿಯಿಲ್ಲದೆ ತರುವುದೂ ಬೇಡ. ಒಂದು ಕಿಲೋ ಪುಡಿಯನ್ನು ಬಕೆಟ್ ನೀರಿಗೆ ಹಾಕಿ ಕಲಕಿ, ಒಂದು ನಿಮಿಷ ಬಿಡಿ. ಮರಳು ತಳ ಸೇರುತ್ತದೆ. ಮೇಲಿನ ಕೆಂಪು ನೀರನ್ನು ಬೇರೆ ಪಾತ್ರೆಗೆ ಬಗ್ಗಿಸಿ ರಾತ್ರಿಯಿಡೀ ಬಿಡಿ. ಬೆಳಿಗ್ಗೆ ತಿಳಿನೀರು ಚೆಲ್ಲಿ. ಹೀಗೆ ಮೂರು ಸಲ. ಉಳಿದ ಕೆಸರನ್ನು ನೆರಳಲ್ಲಿ ಒಣಗಿಸಿ ತೆಳು ಬಟ್ಟೆಯಲ್ಲಿ ಸೋಸಿ. ಈ ಹಂತದಲ್ಲಿ ಎನ್-95 ಮಾಸ್ಕ್ ಇಲ್ಲದೆ ಕೂರಬೇಡಿ, ಅದರಲ್ಲಿ ಸಿಲಿಕಾ ಕೂಡ ಇರಬಹುದು.

ಪುಡಿಯನ್ನು ಗಾಜಿನ ಮೇಲೆ ನೀರಿನಲ್ಲಿ ಅರೆದು ಪೇಸ್ಟ್ ಮಾಡಿ, ಒಂದು ಪಾಲಿಗೆ ಒಂದೂವರೆ ಪಾಲು, ಬಣ್ಣ ಹಿಡಿದಿಡುವ ಅಂಟಾದ ಅಕ್ರಿಲಿಕ್ ಬೈಂಡರ್‌ನಿಂದ ಶುರುಮಾಡಿ. ಒಂದು ದಿನ ಒಣಗಿದ ಮೇಲೆ ಬಿಳಿ ಬಟ್ಟೆಯಿಂದ ಉಜ್ಜಿ: ಬಣ್ಣ ಹತ್ತಿದರೆ ಬೈಂಡರ್ ಕಡಿಮೆ, ಹೊಳೆದರೆ ಜಾಸ್ತಿ.

ಗಣಿಗಾರಿಕೆ ಕುರಿತ ಅಮೂರ್ತ ಚಿತ್ರಗಳ ಪ್ರದರ್ಶನ ನೋಡಿದೆ. ಗಣಿಯೂ ಕಾಣಲಿಲ್ಲ, ಗುಡ್ಡವೂ ಕಾಣಲಿಲ್ಲ. ಹೇಗೆ ನೋಡಬೇಕು?
– ನಿವೃತ್ತ ನೌಕರ, ಕೆ.ಜಿ.ಎಫ್.

ನಿಮ್ಮೂರಿಗೆ ನಂಟಿರುವ ಉದಾಹರಣೆಯೇ ಇದೆ. ಗಣಿ ನಡೆಸುತ್ತಿದ್ದ ಬ್ರಿಟಿಷ್ ಸಂಸ್ಥೆ ಜಾನ್ ಟೇಲರ್ ಕಂಪನಿಯ ಕಾಲದಲ್ಲಿ ಕೋಲಾರದ ಚಿನ್ನದ ಗಣಿಗೆ ಇಂಗ್ಲೆಂಡಿನ ಕಾರ್ನ್‌ವಾಲ್‌ನಿಂದ ಗಣಿ ಕೆಲಸಗಾರರು ಬಂದಿದ್ದರು. ಅದೇ ಕಾರ್ನ್‌ವಾಲ್‌ನಲ್ಲಿ ಹುಟ್ಟಿದ ಚಿತ್ರಕಾರ ಪೀಟರ್ ಲೇನಿಯನ್ (1918–1964) ಅಲ್ಲಿನ ತವರದ ಗಣಿಯೂರು ಸೇಂಟ್ ಜಸ್ಟ್ ಹೆಸರಲ್ಲೇ 1953ರಲ್ಲಿ ಸುಮಾರು ಎಂಟಡಿ ಎತ್ತರದ ಚಿತ್ರ ಮುಗಿಸಿದರು. ನಡುವೆ ಮೇಲಿನಿಂದ ಕೆಳಗಿಳಿಯುವ ಕಪ್ಪು ಪಟ್ಟೆ, ಅದು ಗಣಿಯ ಶಾಫ್ಟು, ಎಂದರೆ ನೇರ ಕೆಳಗಿಳಿಯುವ ಬಾವಿ. ಸುತ್ತ ಹೊಲಗಳ ಹಸಿರು. ಮೇಲಿನ ನೆಲ, ಕೆಳಗಿನ ಸುರಂಗ, ಪಕ್ಕದ ನೋಟ ಎಲ್ಲವೂ ಒಂದೇ ಪಾತಳಿಯಲ್ಲಿ ಸೇರಿರುವುದರಿಂದ ದಿಗಂತ ಹುಡುಕಿದರೆ ಸಿಗುವುದಿಲ್ಲ. 1919ರಲ್ಲಿ ಹತ್ತಿರದ ಲೆವಂಟ್ ಗಣಿಯಲ್ಲಿ ಕೆಲಸಗಾರರನ್ನು ಇಳಿಸಿ ಏರಿಸುವ ಯಂತ್ರ ಮುರಿದು 31 ಜನ ಸತ್ತಿದ್ದರು. ಆ ಕಪ್ಪು ಶಿಲುಬೆಯಂತೆ ಕಾಣುವುದು ಸುಮ್ಮನೆ ಅಲ್ಲ.

ಆದ್ದರಿಂದ ಮೊದಲು ‘ಏನಿದು’ ಎಂದು ಕೇಳಬೇಡಿ. ಚಿತ್ರದ ಎತ್ತರದ ಎರಡರಷ್ಟು ದೂರ ನಿಂತು ಭಾರ ಎಲ್ಲಿದೆ, ಕಣ್ಣು ಎಲ್ಲಿ ಇಳಿಯುತ್ತದೆ ಎಂದು ಗಮನಿಸಿ. ಆಮೇಲೆ ಒಂದು ಮೊಳದ ಹತ್ತಿರ ಹೋಗಿ ಬಣ್ಣ ಬಳಿದದ್ದೋ, ಕೆರೆದದ್ದೋ, ಸುರಿದದ್ದೋ ನೋಡಿ. ಎರಡು ದೂರದಲ್ಲೂ ಏನೂ ಸಿಗದಿದ್ದರೆ ಚಿತ್ರವೇ ಸಪ್ಪೆ ಇರಬಹುದು. ಅಮೂರ್ತ ಎಂದ ಮಾತ್ರಕ್ಕೆ ಎಲ್ಲವೂ ಗಹನವಲ್ಲ.

ಅರಿಶಿನ, ಹೂವಿನ ರಸ ಬಳಸಿದ ಚಿತ್ರಗಳು ಎಷ್ಟು ದಿನ ಉಳಿಯುತ್ತವೆ?
– ಶಿಕ್ಷಕಿ, ಶಿರಸಿ

ಅರಿಶಿನ ಬೆಳಕಿಗೆ ಬೇಗ ಹೋಗುತ್ತದೆ, ಹೂವಿನ ರಸವೂ ಹೆಚ್ಚಿನದು ಹಾಗೆಯೇ. ಅಳಲೆಕಾಯಿ ಕಷಾಯಕ್ಕೆ ಕಬ್ಬಿಣದ ನೀರು ಸೇರಿದರೆ ಬರುವ ಕಪ್ಪು ಗಟ್ಟಿ, ಆದರೆ ವರ್ಷಗಳು ಕಳೆದಂತೆ ಅದೇ ಕಾಗದವನ್ನು ತಿನ್ನುತ್ತದೆ. ಇಂಥವನ್ನು 50 ಲಕ್ಸ್‌ಗಿಂತ ಹೆಚ್ಚು ಬೆಳಕಿಗೆ ಒಡ್ಡಬೇಡಿ; ಲಕ್ಸ್ ಎಂದರೆ ಚಿತ್ರದ ಮೇಲೆ ಬೀಳುವ ಬೆಳಕಿನ ಅಳತೆ.

60 ಅಡಿ ಗೋಡೆ ಸಿಕ್ಕಿದೆ. ಮೂರಡಿ ಅಗಲದ 24 ಚಿತ್ರಗಳಿವೆ. ತೂಗುಹಾಕುವ ಲೆಕ್ಕ ಹೇಳಿ.
– ಕಲಾವಿದರ ಬಳಗ, ಕಲಬುರಗಿ

24 ಚಿತ್ರಕ್ಕೆ 72 ಅಡಿ ಬೇಕು, ಒಂದಕ್ಕೊಂದು ಒತ್ತಿದರೂ ಹಿಡಿಸುವುದಿಲ್ಲ. 12 ಆರಿಸಿ. ಉಳಿಯುವ 24 ಅಡಿಯನ್ನು ಎರಡು ತುದಿ ಸೇರಿ 13 ಸಂದುಗಳಿಗೆ ಹಂಚಿದರೆ ತಲಾ 22 ಇಂಚು. ಚಿತ್ರದ ನಡುಭಾಗ ನೆಲದಿಂದ 57 ಇಂಚಿಗಿರಲಿ. ಮೊಳೆಯ ಎತ್ತರ: 57ಕ್ಕೆ ಚಿತ್ರದ ಅರ್ಧ ಎತ್ತರ ಕೂಡಿ, ತಂತಿಯನ್ನು ಎಳೆದಾಗ ಅದಕ್ಕೂ ಚೌಕಟ್ಟಿನ ಮೇಲಂಚಿಗೂ ಇರುವ ಅಂತರ ಕಳೆಯಿರಿ. 48 ಇಂಚಿನ ಚಿತ್ರ, 4 ಇಂಚು ಅಂತರ ಎಂದರೆ 77. ತಂತಿಗೆ ಒಂದರ ಬದಲು ಎರಡು ಮೊಳೆ ಹೊಡೆದರೆ ಚಿತ್ರ ವಾಲುವುದಿಲ್ಲ.

ಅಕ್ರಿಲಿಕ್, ತೈಲಚಿತ್ರಕ್ಕೆ 200 ಲಕ್ಸ್ ಸಾಕು. ಎಲ್‌ಇಡಿಯ ಸಿಆರ್‌ಐ (ಬಣ್ಣಗಳು ಎಷ್ಟು ಸಹಜವಾಗಿ ಕಾಣುತ್ತವೆಂಬ ಅಂಕ) 90ಕ್ಕಿಂತ ಮೇಲಿರಲಿ, ಇಲ್ಲವಾದರೆ ಕೆಮ್ಮಣ್ಣಿನ ಕೆಂಪು ಕಂದಾಗಿ ಕಾಣುತ್ತದೆ. ದೀಪವನ್ನು ಲಂಬದಿಂದ 30 ಡಿಗ್ರಿಗೆ ತಿರುಗಿಸುವುದು ರೂಢಿ. ಒರಟು ಮೈಯ ಚಿತ್ರಕ್ಕೆ 20 ಡಿಗ್ರಿಗೆ ಇಳಿಸಿದರೆ ಉಬ್ಬುತಗ್ಗಿನ ನೆರಳು ಎದ್ದು ಬರುತ್ತದೆ, ಆದರೆ ಮೇಲ್ಚೌಕಟ್ಟಿನ ನೆರಳೂ ಚಿತ್ರದ ಮೇಲೆ ಬೀಳುತ್ತದೆ. ಅಂಥವಕ್ಕೆ ಚೌಕಟ್ಟು ಹಾಕಿಸಬೇಡಿ.