ಕೀ ವೆಸ್ಟ್‌ನಲ್ಲಿ ರಾತ್ರಿ ಗುಡುಗು ಮಳೆ ಅಂತಿದೆ, ಹೋಗಬಹುದಾ?

ಪ್ರಶ್ನೆ: ನಾವಿರುವುದು ಅಮೆರಿಕದ ಒರ್ಲಾಂಡೋದಲ್ಲಿ. ಪುತ್ತೂರಿನಿಂದ ಅತ್ತೆ, ಮಾವ ಬಂದಿದ್ದಾರೆ. ಆಗಸ್ಟ್‌ನಲ್ಲಿ ಅವರನ್ನು ಫ್ಲಾರಿಡಾ ಕೀಸ್ ದ್ವೀಪಗಳಿಗೆ ಕರೆದುಕೊಂಡು ಹೋಗುವ ಆಸೆ. ಆದರೆ ಅಲ್ಲಿನ ರಾತ್ರಿಯ ಮುನ್ಸೂಚನೆ ದಿನವೂ ಒಂದೇ ಥರ ಇರುತ್ತದೆ: ‘ಅಲ್ಲಲ್ಲಿ ಗುಡುಗು ಮಳೆ, ಸಾಧ್ಯತೆ ಶೇ 30, ಕನಿಷ್ಠ ತಾಪಮಾನ 82 ಡಿಗ್ರಿ ಫ್ಯಾರನ್‌ಹೀಟ್’. ನಮ್ಮಲ್ಲಿ ಮಧ್ಯಾಹ್ನ ಮಳೆ ಹೊಡೆದು ಸಂಜೆಗೆ ಬಿಡುತ್ತದೆ. ಅಲ್ಲಿ ರಾತ್ರಿ ಯಾಕೆ? ಆ ದ್ವೀಪಗಳಲ್ಲೊಂದಾದ ಕೀ ವೆಸ್ಟ್‌ನಲ್ಲಿ ಸಂಜೆ ದೋಣಿ ವಿಹಾರ ಮುಗಿಸಿ, ರಾತ್ರಿ ಕಾರಿನಲ್ಲಿ ಮ್ಯಾರಥಾನ್ ಎಂಬ ಊರಿನ ಹೋಟೆಲ್‌ಗೆ ವಾಪಸ್ ಬರಬಹುದಾ?

ಉತ್ತರ: ಧಾರಾಳವಾಗಿ ಹೋಗಿ. ಆ ಶೇ 30ಕ್ಕೆ ಹೆದರಬೇಡಿ. ಮುನ್ಸೂಚನೆಯಲ್ಲಿ ನೀವು ನೋಡಬೇಕಾದದ್ದು ಗಾಳಿಯ ಬಗ್ಗೆ ಬರೆದ ಸಾಲು. ಬಹಳ ಜನ ಅದನ್ನು ಓದುವುದೇ ಇಲ್ಲ.

ಮೊದಲು ಶೇಕಡಾ ಲೆಕ್ಕ ನೋಡೋಣ. ಶೇ 30 ಅಂದರೆ ರಾತ್ರಿಯ ಮೂರನೇ ಒಂದು ಭಾಗ ಮಳೆ ಬರುತ್ತದೆ ಅಂತ ಅಲ್ಲ. ನೀವು ನಿಂತ ಜಾಗದಲ್ಲಿ, ಆ ಅವಧಿಯೊಳಗೆ, ಕಾಲು ಮಿಲಿಮೀಟರ್‌ನಷ್ಟಾದರೂ ಮಳೆ ಬೀಳುವ ಸಾಧ್ಯತೆ ಅದು. ಇಂಥ ಹತ್ತು ರಾತ್ರಿಗಳಲ್ಲಿ ಏಳು ರಾತ್ರಿ ನಿಮ್ಮ ತಲೆ ನೆನೆಯುವುದಿಲ್ಲ. ಆದರೆ ಬಂದರೆ ಎಷ್ಟು ಜೋರು, ಎಷ್ಟು ಹೊತ್ತು ಅನ್ನುವುದನ್ನು ಈ ಅಂಕಿ ಹೇಳುವುದಿಲ್ಲ. ಆಗಸ್ಟ್‌ನ ಮೋಡ ಸಣ್ಣದಾದರೂ ಸುರಿದರೆ ಜೋರಾಗಿಯೇ ಸುರಿಯುತ್ತದೆ.

ಇನ್ನು ರಾತ್ರಿ ಯಾಕೆ ಅನ್ನುವ ಪ್ರಶ್ನೆ. ಇದು ಒಳ್ಳೆಯ ಪ್ರಶ್ನೆ. ಒರ್ಲಾಂಡೋ ದೊಡ್ಡ ನೆಲದ ನಡುವೆ ಇದೆ. ಬಿಸಿಲಿಗೆ ನೆಲ ಕಾಯುತ್ತದೆ, ಎರಡೂ ಕಡಲಿನಿಂದ ಗಾಳಿ ಒಳಗೆ ನುಗ್ಗಿ ಮೇಲೇಳುತ್ತದೆ, ಮಧ್ಯಾಹ್ನ ಗುಡುಗು. ಕೀಸ್‌ನಲ್ಲಿ ಕಾಯಲು ಅಷ್ಟು ನೆಲವೇ ಇಲ್ಲ. ಸಣ್ಣ ಸಣ್ಣ ದ್ವೀಪಗಳ ಸಾಲು, ಸುತ್ತ ನೀರು. ಅದಕ್ಕೇ ಕೀ ವೆಸ್ಟ್‌ನಲ್ಲಿ ವರ್ಷಕ್ಕೆ ಸುಮಾರು 1,000 ಮಿ.ಮೀ. ಮಳೆಯಾದರೆ, ಮಯಾಮಿಯಲ್ಲಿ 1,600 ದಾಟುತ್ತದೆ. ರಾತ್ರಿ ಆಟ ಬದಲಾಗುತ್ತದೆ. ದಕ್ಷಿಣಕ್ಕೆ ಸುಮಾರು 145 ಕಿ.ಮೀ. ದೂರದಲ್ಲಿ ಕ್ಯೂಬಾ ಇದೆ. ಅಲ್ಲಿ ಮಧ್ಯಾಹ್ನ ಗುಡುಗಿದ ಮೋಡಗಳಿಂದ ಕೆಳಗಿಳಿದ ತಂಪು ಗಾಳಿ ಕಡಲಿನ ಮೇಲೆ ಹರಡುತ್ತಾ ಬರುತ್ತದೆ. ಕೆಲವೊಮ್ಮೆ ಉತ್ತರಕ್ಕಿರುವ ಫ್ಲಾರಿಡಾ ನೆಲದಿಂದಲೂ ಹೀಗೇ ಬರುತ್ತದೆ. ಕೆಳಗೆ 30 ಡಿಗ್ರಿ ಸೆಲ್ಸಿಯಸ್ ಆಸುಪಾಸಿನ ಬೆಚ್ಚಗಿನ ನೀರು. ಆ ಗಾಳಿ ಅಲ್ಲಿನ ತೇವವನ್ನು ಮೇಲಕ್ಕೆ ತಳ್ಳಿದರೆ ನಡುರಾತ್ರಿಯಲ್ಲೋ ಬೆಳಗಿನ ಜಾವದಲ್ಲೋ ಹೊಸ ಮೋಡ ಹುಟ್ಟುತ್ತದೆ. ಎಲ್ಲಿ ಹುಟ್ಟುತ್ತದೆ ಎಂದು ಸಂಜೆಯೇ ಹೇಳುವುದು ಕಷ್ಟ. ‘ಅಲ್ಲಲ್ಲಿ’ ಎಂಬ ಮಾತು ಮುನ್ಸೂಚಕರ ಜಾರಿಕೆ ಅಂತ ನಗುವವರಿದ್ದಾರೆ, ಆದರೆ ಅದು ಪ್ರಾಮಾಣಿಕ ಉತ್ತರ.

82 ಡಿಗ್ರಿ ಅಂದರೆ ಸುಮಾರು 28 ಸೆಲ್ಸಿಯಸ್. ರಾತ್ರಿಯ ಕನಿಷ್ಠವೇ ಅಷ್ಟು! ಸುತ್ತಲಿನ ಕಡಲು ತಣಿಯದೆ ಗಾಳಿ ತಣಿಯುವುದಿಲ್ಲ. ನಿಮ್ಮ ಅತ್ತೆ ಮಾವನಿಗೆ ಇದನ್ನು ವಿವರಿಸುವ ಅಗತ್ಯವಿಲ್ಲ, ಮೇ ತಿಂಗಳ ಮಂಗಳೂರಿನ ಸೆಕೆ ಅಂದರೆ ಸಾಕು. ಮುನ್ಸೂಚನೆಯಲ್ಲಿ ಡ್ಯೂ ಪಾಯಿಂಟ್ (ಗಾಳಿಯ ತೇವ ಹನಿಗಟ್ಟಲು ಶುರುವಾಗುವ ತಾಪಮಾನ) ಕೊಟ್ಟಿದ್ದರೆ ನೋಡಿ. 75 ಫ್ಯಾರನ್‌ಹೀಟ್ ದಾಟಿದ್ದರೆ ಬೆವರು ಆರುವುದಿಲ್ಲ. ಗಾಳಿ ಬೀಸಿದರಷ್ಟೇ ಹಾಯೆನಿಸುತ್ತದೆ.

ಈಗ ದೋಣಿಯ ವಿಷಯ. ಗಾಳಿ 10 ನಾಟ್, ಅಂದರೆ ಗಂಟೆಗೆ 18 ಕಿ.ಮೀ. ಇದ್ದರೆ ಸಾಮಾನ್ಯವಾಗಿ ಆರಾಮ. 15 ನಾಟ್ ದಾಟಿದರೆ ಸಣ್ಣ ದೋಣಿಗಳಿಗೆ ಎಚ್ಚರಿಕೆಯ ಮಾತು ಬರುತ್ತದೆ. 20 ನಾಟ್ ಮುಟ್ಟಿದರೆ ‘ಸ್ಮಾಲ್ ಕ್ರಾಫ್ಟ್ ಅಡ್ವೈಸರಿ’, ಅಂದರೆ ಸಣ್ಣ ದೋಣಿಗಳಿಗೆ ಅಧಿಕೃತ ಎಚ್ಚರಿಕೆ, ಹಾಕುತ್ತಾರೆ. ಅದು ಇದ್ದರೆ ವಯಸ್ಸಾದವರನ್ನು ದೋಣಿ ಹತ್ತಿಸಬೇಡಿ. ಮುಳುಗುವ ಭಯಕ್ಕಿಂತ ಜಾಸ್ತಿ, ಅಲೆಗೆ ಹೊಟ್ಟೆ ತೊಳಸಿ ಸಂಜೆಯೇ ಹಾಳಾಗುತ್ತದೆ. ಹೊರಡುವ ಒಂದು ಗಂಟೆ ಮೊದಲು ಮೊಬೈಲ್‌ನಲ್ಲಿ ರೇಡಾರ್ ಚಿತ್ರ ಓಡಿಸಿ ನೋಡಿ. ಬೇಸಿಗೆಯಲ್ಲಿ ಅಲ್ಲಿ ಗಾಳಿ ಹೆಚ್ಚಾಗಿ ಪೂರ್ವ, ಆಗ್ನೇಯದ ಕಡೆಯಿಂದ. ಹಾಗಾಗಿ ಪಶ್ಚಿಮಕ್ಕೆ ದಾಟಿ ಹೋದ ಮೋಡಕ್ಕಿಂತ ಪೂರ್ವದಲ್ಲಿರುವ ಮೋಡದ ಮೇಲೆ ಕಣ್ಣಿಡಿ. ಗುಡುಗು ಕೇಳಿಸಿತೋ, ಒಳಗೆ ಬನ್ನಿ. ಕೊನೆಯ ಗುಡುಗಿನ ನಂತರ 30 ನಿಮಿಷ ಹೊರಗೆ ಬೇಡ.

ವಾಪಸ್ ಬರುವಾಗ ಸೆವೆನ್ ಮೈಲ್ ಬ್ರಿಡ್ಜ್ ದಾಟಬೇಕು. ಸುಮಾರು 11 ಕಿ.ಮೀ., ನಡುವೆ ಆಸರೆ ಇಲ್ಲ. ದಾರಿ ಕಾಣದಷ್ಟು ಮಳೆಯಿದ್ದರೆ ಸೇತುವೆ ಹತ್ತುವ ಮುಂಚೆಯೇ ಎಲ್ಲಾದರೂ ನಿಲ್ಲಿಸಿ, ಅರ್ಧ ಗಂಟೆ ಕಾಯಿರಿ. ಆ ಮಳೆಗೆ ಸಾಮಾನ್ಯವಾಗಿ ಅಷ್ಟು ಸಾಕಾಗುತ್ತದೆ. ಇನ್ನೊಂದು ಮಾತು: ಮ್ಯಾರಥಾನ್ ಇರುವುದು ‘ಮಿಡಲ್ ಕೀಸ್’ನಲ್ಲಿ, ಕೀ ವೆಸ್ಟ್ ‘ಲೋವರ್ ಕೀಸ್’ನಲ್ಲಿ. ಎರಡಕ್ಕೂ ಮುನ್ಸೂಚನೆ ಬೇರೆ ಬೇರೆ, ಎರಡನ್ನೂ ನೋಡಿ.

ಆಗಸ್ಟ್ ಅಂದರೆ ಹರಿಕೇನ್ ಕಾಲವೂ ಹೌದು. ಮಯಾಮಿಯ ನ್ಯಾಷನಲ್ ಹರಿಕೇನ್ ಸೆಂಟರ್ ಆ ಕಾಲದಲ್ಲಿ ದಿನಕ್ಕೆ ನಾಲ್ಕು ಸಲ ಮುನ್ನೋಟ ಹೊರಡಿಸುತ್ತದೆ. ಹೊರಡುವ ವಾರದಿಂದಲೇ ಅದನ್ನು ಗಮನಿಸಿ. ದೊಡ್ಡ ಚಂಡಮಾರುತ ಬರುವಂತಿದ್ದರೆ ಕೀಸ್‌ನಿಂದ ಮೊದಲು ಹೊರಡಿಸುವುದು ಪ್ರವಾಸಿಗಳನ್ನೇ, ಯಾಕೆಂದರೆ ದ್ವೀಪಗಳ ಸಾಲಿನ ಉದ್ದಕ್ಕೂ ಇರುವ ಹೆದ್ದಾರಿ ಒಂದೇ. ಹೋಟೆಲ್ ಬುಕ್ ಮಾಡುವಾಗ, ರದ್ದು ಮಾಡಿದರೆ ಹಣ ವಾಪಸ್ ಸಿಗುವಂಥದ್ದನ್ನೇ ಹುಡುಕಿ.